ಶಕು ಕಾಕು ಸಾಗಿಸಿದ ಮಾತು

ಯಾರದಾದರೂ ಕೆಟ್ಟ ಮಾತು ಕಿವಿಗೆ ಬಿದ್ದರೆ ಶಕು ಕಾಕು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಕಹಿ ಕಷಾಯ ನುಂಗುವವರ ಹಾಗೆ ಗುಟುಕರಿಸಿ, ಮತ್ತೆ ಕಣ್ಣು ಬಿಡುತ್ತಿದ್ದರು. ಅಷ್ಟರಲ್ಲಿ ಆ ಮಾತು ಬೇರೆಯೇ ಆಗಿರುತ್ತಿತ್ತು. ಮಲಾಡ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ಅಪ್ಪ ಮಕ್ಕಳು ಮಾತು ಬಿಟ್ಟಾಗಲೆಲ್ಲ ಕಾಕುವನ್ನು ಕರೆಯುತ್ತಿದ್ದರು.

ಅವರು ವಿಜಯಪುರ ಕಡೆಯವರು; ಬಿಲ್ಡಿಂಗಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ರೈಲ್ವೆ ಆಫೀಸಿನಲ್ಲಿದ್ದ ಗಂಡ ತೀರಿಕೊಂಡ ಮೇಲೆ ನಮ್ಮ ಎದುರು ಮನೆಯಲ್ಲಿ ಒಬ್ಬರೇ ಇದ್ದರು. ಒಬ್ಬರೇ ಎನ್ನುವುದು ಹೆಸರಿಗೆ ಮಾತ್ರ. ಊರವರ ಜಗಳವೆಲ್ಲ ಅವರ ಮನೆಯಲ್ಲಿಯೇ ಚಹಾ ಕುಡಿಯುತ್ತಿತ್ತು. ಒಮ್ಮೆ ಮೇಲಿನ ಮಹಡಿಯ ಕಾಮತರ ಮಗ ಕಿವಿಗೆ ರಿಂಗ್ ಚುಚ್ಚಿಸಿಕೊಂಡು ಬಂದ. ಕಾಮತರು ಕೂಗಾಡಿದರು, ಹುಡುಗ ಹೋಗಿ ಟೆರೇಸಿನಲ್ಲಿ ಕೂತ. ಕಾಕು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಹುಡುಗನಿಗೆ, "ನಿಮ್ಮಪ್ಪಗ ಭಾಳ ಚಂದ ಕಂಡದಪಾ, ಬಾಯಿಬಿಟ್ಟು ಹೇಳಾಕ ಬರವಲ್ದು" ಅಂದರು. ಕೆಳಗಿಳಿದು ಕಾಮತರಿಗೆ, "ನಾಳೆ ತಗೀತೀನಿ ಅಂದಾನ್ರಿ, ಕೆದಕಬ್ಯಾಡ್ರಿ" ಅಂದರು. ಎರಡೂ ಸುಳ್ಳು. ರಿಂಗ್ ಇವತ್ತಿಗೂ ಅವನ ಕಿವಿಯಲ್ಲಿದೆ, ಕಾಮತರು ಅದನ್ನು ನೋಡುವುದನ್ನೇ ಬಿಟ್ಟರು.

"ನಾಕ್ ದಿನ ದಾಟಿಸಿದ್ರ ಸಾಕ್ರಿ ಅಣ್ಣಾರ," ಎನ್ನುತ್ತಿದ್ದರು ನನಗೆ. "ಸಿಟ್ಟು ತಾನ ತಣ್ಣಗಾಗ್ತದ. ಅಲ್ಲೀತನಾ ನಡುವ ಯಾರರ ನಿಲ್ಲಬೇಕು."

ನಮ್ಮ ಮನೆಯಲ್ಲಿ ಅವರು ನಾಲ್ಕು ದಿನವಲ್ಲ, ಒಂದು ಇಡೀ ಮಳೆಗಾಲ ನಡುವೆ ನಿಂತರು.

ನಾನು ದಾದರ್ ಸ್ಟೇಶನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂತು ಬಿಲ್ಲಿನ ಹಣ ತೆಗೆದುಕೊಳ್ಳುವವನು. ಊರು ಬಿಟ್ಟು ಬಂದಾಗ ಕಪ್ಪು ಬಸಿ ತೊಳೆದಿದ್ದೇನೆ, ಕಾವಲಿಯ ಮುಂದೆ ನಿಂತು ಕೈ ಸುಟ್ಟುಕೊಂಡಿದ್ದೇನೆ. ನನ್ನ ಮಗಳು ನಮ್ರತಾ ಏಸಿ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂರಬೇಕು ಎನ್ನುವುದು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ. ಆ ಮಹರಾಯ್ತಿ ಬಿ.ಕಾಂ. ಮುಗಿಸಿ, ನಾಸಿಕ್‌ನ ಒಂದು ದೊಡ್ಡ ಹೋಟೆಲಿನಲ್ಲಿ ಅಡುಗೆಯ ಟ್ರೈನಿಂಗ್‌ಗೆ ಹೋಗುತ್ತೇನೆ ಅಂದಳು. ನಾನು ಎಂಥದೋ ಅಂದೆ, ಅವಳು ಎಂಥದೋ ಅಂದಳು. ಅಲ್ಲಿಗೆ ಮಾತು ನಿಂತಿತು. ಹೆಂಡತಿ ಮಗಳ ಪಾರ್ಟಿ. "ನಿಮ್ಮ ಮಾತು ಹೊತ್ತುಕೊಂಡು ಓಡಾಡಲು ನಾನೇನು ಪೋಸ್ಟ್‌ಮ್ಯಾನಾ?" ಎಂದು ಕೈ ತೊಳೆದುಕೊಂಡಳು.

ಹಾಗಾಗಿ ಕಾಕು. ನಮ್ಮ ಬಾಗಿಲಲ್ಲಿ ನಿಂತು ನನ್ನ ಮಾತು ಕೇಳಿಸಿಕೊಂಡು, ಒಳಗೆ ಅವಳ ಮಂಚದ ಹತ್ತಿರ ಹೋಗುತ್ತಿದ್ದರು. "ಈ ಮನೆಯಲ್ಲಿ ಇರಬೇಕಾದರೆ ನಾನು ಹೇಳಿದ ಹಾಗೆ ಕೇಳಬೇಕು ಅಂತ ಹೇಳಿ ಅವಳಿಗೆ" ಎಂದು ಬಾಗಿಲಲ್ಲಿ ಪಿಸುಗುಟ್ಟಿದ್ದೆ ಒಂದು ಭಾನುವಾರ. ನಮ್ಮದು ಒಂದು ರೂಮಿನ ಮನೆ, ಕರ್ಟನ್ ಆಚೆಗಿನದೆಲ್ಲ ಕೇಳುತ್ತದೆ. ಕಾಕು ಕಣ್ಣು ಮುಚ್ಚಿ ಬಿಟ್ಟು, ಒಳಗೆ ಹೋಗಿ, "ಪಪ್ಪಾ ಉಂಡಿಯೇನು ಅಂತ ಕೇಳಾಕತ್ತಾರವಾ" ಅಂದರು. ನನಗೆ ನಗು ಬಂತು. ನಾನು ಎಷ್ಟು ಕೊಳಕು ಮಾತಾಡಿದರೂ ಅದು ಅವರ ಬಾಯಲ್ಲಿ ಊಟದ ಮಾತೇ ಆಗುತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಹೇಳಿದ ಸಮಾಧಾನವೂ ನನಗಿತ್ತು, ಅವಳಿಗೆ ನೋವಾಗಲಿಲ್ಲ ಎಂಬ ಸಮಾಧಾನವೂ ಇತ್ತು.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಸಂಜೆ ಕಾಕು ಬಂದು, "ಆಕಿ ನಾಸಿಕ್ ಮಾತು ಬಿಟ್ಟಾಳ್ರಿ ಅಣ್ಣಾರ" ಎಂದರು. ನಾನು ನಂಬಿದೆ. ನಂಬಲು ಕಾರಣವೂ ಇತ್ತು, ಆ ವಾರ ಮಗಳ ಮುಖ ಅರಳಿತ್ತು. ನಾನೂ ಖುಷಿಯಲ್ಲಿ ಅವಳಿಗೆ ಇಷ್ಟವೆಂದು ಬಂಗುಡೆ ಮೀನು ತಂದೆ. ಕಾಕು ಅವಳಿಗೆ "ಪಪ್ಪಾ ಒಪ್ಪ್ಯಾರ" ಎಂದಿದ್ದರು, ಹೆಂಡತಿಗೂ ಅದನ್ನೇ ಹೇಳಿದ್ದರು ಎಂಬುದು ಆಗ ನನಗೆ ಗೊತ್ತಿರಲಿಲ್ಲ; ನಾನು ಬೆಳಗ್ಗೆ ಹೋಟೆಲಿಗೆ ಹೋದರೆ ಮನೆಗೆ ಬರುವುದು ರಾತ್ರಿ, ಹೆಂಡತಿಯೂ ಆ ಮಾತು ಎತ್ತಲಿಲ್ಲ. ನನ್ನ ನಗು ನೋಡಿ ಅವಳು ನಂಬಿದಳು, ಅವಳ ನಗು ನೋಡಿ ನಾನು. ಒಂದು ಮಾತು ನೇರ ಆಡಿದ್ದರೆ ಅಲ್ಲೇ ಬಯಲಾಗುತ್ತಿತ್ತು. ಮೊದಲು ಯಾರು ಬಾಯಿ ತೆರೆಯಬೇಕು ಎಂಬ ಹಟ ಇಬ್ಬರಿಗೂ ಹೋಗಿರಲಿಲ್ಲ.

ಒಂದು ದಿನ ಹೋಟೆಲಿನಲ್ಲಿ ಸಂಜೆಯ ಗಿರಾಕಿಗಳ ನೂಕುನುಗ್ಗಲು. ತಲೆ ಎತ್ತಿದರೆ ಗಲ್ಲೆಯ ಮುಂದೆ ನಮ್ರತಾ. "ಪಪ್ಪಾ," ಅಂದಳು.

ಎಷ್ಟು ದಿನಗಳ ಮೇಲೆ! ರಾಜಿ ಮಾಡಿಕೊಳ್ಳಲು ಬಂದಿದ್ದಾಳೆಂದು ತಿಳಿದು, ಒಳಗೆ ಕೂಗಿ ಒಂದು ಮೈಸೂರು ಮಸಾಲೆ ಹೇಳಿದೆ, ಬೆಣ್ಣೆ ಜಾಸ್ತಿ ಹಾಕಿ ಎಂದೆ.

"ಟೈಮ್ ನಹೀ ಹೈ ಪಪ್ಪಾ, ಸ್ಟೇಶನ್‌ಗೆ ಚಲೋನಾ. ಗಾಡಿ ಬರ್ತದೆ," ಎಂದು ನಕ್ಕಳು. ಆಗ ಅವಳ ಬೆನ್ನ ಮೇಲಿನ ಬ್ಯಾಗ್ ಕಂಡಿತು. ಹಿಂದೆ ಬುತ್ತಿ ಡಬ್ಬಿ ಹಿಡಿದುಕೊಂಡು ಶಕು ಕಾಕು ನಿಂತಿದ್ದರು. ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಯಾವ ಗಾಡಿ?" ಎಂದೆ.

ಮಗಳು ನನ್ನನ್ನು ನೋಡಿದಳು, ಕಾಕುವನ್ನು ನೋಡಿದಳು. "ಕಾಕು, ಆಪ್ ನೆ ತೋ ಬೋಲಾ ಪಪ್ಪಾ ಮಾನ್ ಗಯೇ."

ಕಾಕು ಡಬ್ಬಿಯ ಹಿಡಿ ತಿರುಗಿಸುತ್ತಾ, "ಹೋಗೋ ದಿನಾ ಬರೂತನಾ ಇಬ್ಬರೂ ಒಂದಾಗಿರ್ತೀರಿ ಅನ್ಕೊಂಡೆ," ಎಂದರು. "ಹಿಂಗ ಆಗ್ತದಂತ ತಿಳೀಲಿಲ್ರಿ."

ನಾನು ಮಗಳ ಕಡೆ ತಿರುಗಲೇ ಇಲ್ಲ. ಅಷ್ಟು ತಿಂಗಳ ಅಭ್ಯಾಸ. ಕಾಕುವಿಗೇ ಹೇಳಿದೆ: "ಅವಳಿಗೆ ಹೇಳಿ, ಹೋದರೆ ಮತ್ತೆ ಈ ಕಡೆ ಬರುವುದು ಬೇಡ ಅಂತ."

ಕಾಕು ಕಣ್ಣು ಮುಚ್ಚಿದರು. ಸೆರಗು ಸರಿಮಾಡಿಕೊಂಡರು. ಗುಟುಕರಿಸಿದರು. ಕೈಯಳತೆಯಲ್ಲಿ ನಿಂತಿದ್ದ ಹುಡುಗಿಯ ಕಡೆ ತಿರುಗಿ, "ಪಪ್ಪಾ... ಉಂಡಿಯೇನು ಅಂತ ಕೇಳಾಕತ್ತಾರವಾ" ಎಂದರು.

"ಸುನಾ ಮೈನೆ, ಕಾಕು, ಕೇಳಿಸ್ತು," ಎಂದಳು ನಮ್ರತಾ. ಅವರ ಕೈಯಿಂದ ಡಬ್ಬಿ ತೆಗೆದುಕೊಂಡು ಸ್ಟೇಶನ್ ಕಡೆ ಹೋದಳು. ಏಳಬೇಕು, ಓಡಬೇಕು ಎಂದು ನನಗೆ ಅನಿಸಿತು. ಗಲ್ಲೆಯ ಮುಂದೆ ಬಿಲ್ ಹಿಡಿದವರು ಸಾಲಾಗಿ ನಿಂತಿದ್ದರು. ಮಸಾಲೆ ದೋಸೆ ಬಂತು. ಅದನ್ನು ಯಾರ ಟೇಬಲ್ಲಿಗೆ ಕೊಡಲಿ ಎಂದು ವೇಟರ್ ಎರಡು ಸಲ ಕೇಳಿದ.

ಆಮೇಲೆ ಕಾಕು ಯಾರ ಮನೆಯ ಜಗಳಕ್ಕೂ ಹೋಗಲಿಲ್ಲ. ಕರೆದರೆ, "ನನ್ನ ಬಾಯಿ ಚಲೋ ಅಲ್ರಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಅವರು ನಡುವೆ ಇಲ್ಲದಿದ್ದರೆ ಮಗಳು ಮೊದಲ ವಾರವೇ ಹೋಗುತ್ತಿದ್ದಳು.

ಮರುವರ್ಷ ನಮ್ಮ ಬಿಲ್ಡಿಂಗ್ ಒಡೆದು ಕಟ್ಟುವುದೆಂದಾಯಿತು. ಎಲ್ಲರೂ ಬೊರಿವಲಿಗೋ ಎಲ್ಲಿಗೋ ಬಾಡಿಗೆಗೆ ಹೊರಟರು. ಕಾಕು ವಿಜಯಪುರದ ತಂಗಿಯ ಮನೆಗೆ. ಹೋಗುವ ದಿನ ಟೆಂಪೋ ಹತ್ತುವ ಮೊದಲು ನನ್ನ ಹತ್ತಿರ ಬಂದರು. "ನಮ್ರತಾ ನನಗ ಫೋನ್ ಹಚ್ತಾಳ್ರಿ," ಎಂದರು. "ಈ ಸಲ ನೀವು ಅಂದದ್ದು ಅಂದಂಗ ಮುಟ್ಟಿಸ್ತೀನಿ. ಒಂದಕ್ಷರ ಬದಲ್ ಮಾಡಂಗಿಲ್ಲ. ಏನ್ ಹೇಳ್ಲಿ ಹೇಳ್ರಿ."

ನಾನು ನಿಂತೇ ಇದ್ದೆ. ಟೆಂಪೋದವನು ಹಾರ್ನ್ ಮಾಡಿದ. ಕಾಕು ನನ್ನ ತೋಳು ತಟ್ಟಿ ಹತ್ತಿಕೊಂಡರು. ಮುಂದಿನ ಚಳಿಗಾಲದಲ್ಲಿ ತೀರಿಕೊಂಡರಂತೆ. ಸುದ್ದಿ ಹೇಳಲು ನಮ್ರತಾ ತಾಯಿಗೆ ಫೋನ್ ಮಾಡಿ ಬಹಳ ಹೊತ್ತು ಅತ್ತಳು.

ಈಗ ಭಾನುವಾರ ಅವಳ ಫೋನ್ ಬಂದಾಗ ಹೆಂಡತಿ ಮಾತು ಮುಗಿಸಿ ಮೊಬೈಲನ್ನು ನನ್ನ ಕಿವಿಗೆ ಒತ್ತುತ್ತಾಳೆ. ಆ ಕಡೆ ಪಾತ್ರೆಗಳ ಸದ್ದು, ಯಾರೋ ಆರ್ಡರ್ ಕೂಗುವುದು ಕೇಳುತ್ತದೆ. ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.

"ಊಟ ಆಯ್ತಾ?" ಎನ್ನುತ್ತೇನೆ.

"ಆಯ್ತು ಪಪ್ಪಾ," ಎನ್ನುತ್ತಾಳೆ.