ಹಾರದ ಕೊಕ್ಕೆ

ನಾನು ಓದು ನಿಲ್ಲಿಸಿದ್ದು ೧೯೮೪ರಲ್ಲಿ, ಏಳನೇ ಕ್ಲಾಸಿನ ಅರ್ಧದಲ್ಲಿ. ಮಾರನೇ ದಿನವೇ ಚಾಮರಾಜಪೇಟೆಯಲ್ಲಿ ಫೋಟೊಗಳಿಗೆ ಫ್ರೇಮ್ ಹಾಕುವ ಅಂಗಡಿ ಸೇರಿದೆ. ಇವತ್ತು ಅದೇ ರಸ್ತೆಯಲ್ಲಿ ನನ್ನದೇ ಅಂಗಡಿಯಿದೆ. ಯಾರ ಶಿಫಾರಸೂ ಇಲ್ಲ, ಯಾರ ಹಂಗೂ ಇಲ್ಲ. ನಾನು ಕೂಡಿಸಿದ ಫ್ರೇಮಿನ ಮೂಲೆಯಲ್ಲಿ ಒಂದು ಕೂದಲೂ ತೂರುವುದಿಲ್ಲ. (ಜಂಬ ಅಂದುಕೊಳ್ಳಿ, ಪರವಾಗಿಲ್ಲ.)

ಮೊದಲೆಲ್ಲ ಮದುವೆ ಫೋಟೊ ಬರುತ್ತಿತ್ತು. ನಾಮಕರಣದ್ದು, ಶಾಲೆಯ ಗ್ರೂಪ್ ಫೋಟೊ. ಈಗ ಅವೆಲ್ಲ ಮೊಬೈಲಿನಲ್ಲೇ ಇವೆ. ಬದುಕಿರುವವರನ್ನು ಗೋಡೆಗೆ ಹಾಕುವ ಪುರುಸೊತ್ತು ಯಾರಿಗಿದೆ? ಜನಕ್ಕೆ ನನ್ನ ಅಂಗಡಿ ನೆನಪಾಗುವುದು ಮನೆಯಲ್ಲಿ ಯಾರಾದರೂ ಹೋದಾಗ. ವೈಕುಂಠ ಸಮಾರಾಧನೆಯೊಳಗೆ ಬೇಕು, ಅರ್ಜೆಂಟ್! ಅಂಥ ಫ್ರೇಮಿನ ಮೇಲಿನ ಎರಡು ಮೂಲೆಗೆ ಎರಡು ಹಿತ್ತಾಳೆ ಕೊಕ್ಕೆ ಹಾಕಬೇಕು. ಹಾರ ನಿಲ್ಲಬೇಕಲ್ಲ? ಯಾರೂ ಕೇಳುವುದಿಲ್ಲ, ನಾವೇ ಹಾಕಿಕೊಡುತ್ತೇವೆ.

ಹೋದ ವಾರ ಗವಿಪುರದ ಡ್ರಾಯಿಂಗ್ ಮೇಷ್ಟ್ರೊಬ್ಬರು ಬಂದರು. ರಿಟೈರ್ ಆಗಿ ಬಹಳ ವರ್ಷವಾದವರು. ಕಂಕುಳಲ್ಲಿ ತಾವೇ ಬರೆದ ಚಿತ್ರ. ಬ್ಯೂಗಲ್ ರಾಕ್ ಪಾರ್ಕು, ಹೋದ ವರ್ಷದ ಯುಗಾದಿ ಹೊತ್ತು. ಹೊಂಗೆ ಚಿಗುರಿದೆ. ಮಕ್ಕಳು ನೆಲಕ್ಕುದುರಿದ ಗುಲಾಬಿ ಬಣ್ಣದ ಹೂ ಬಾಚಿ ಒಬ್ಬರ ಮೇಲೊಬ್ಬರು ಎರಚುತ್ತಿದ್ದಾರೆ. ಫೋಟೊ ಅಂದರೂ ನಂಬಬೇಕು: ಮಂಡಿಯ ಗಾಯ, ಜಾರಿದ ಕಾಲುಚೀಲ, ಹಳದಿ ಫ್ರಾಕಿನ ಹುಡುಗಿಯ ಹಲ್ಲಿನ ಕಿಂಡಿ.

"ಹಳದಿ ಫ್ರಾಕು ನನ್ ಮೊಮ್ಮಗಳು ಕಣ್ರೀ. ಆಸ್ಪತ್ರೇಲಿದಾಳೆ. ತಾತಾ, ಪಾರ್ಕಲ್ಲಿ ಹೂ ಬಿಡ್ತಾ ಅಂತ ದಿನಾ ಕೇಳ್ತಾಳೆ. ಮಂಚದ ಎದುರಿಗೆ ಇಡೋಣ ಅಂತ. ಶನಿವಾರ ಕೊಟ್ಬಿಡ್ತೀರಾ?"

"ಶುಕ್ರವಾರಾನೇ ಬನ್ನಿ ಮೇಷ್ಟ್ರೇ" ಅಂದೆ.

ತೇಗದ ಪಟ್ಟಿ ಆರಿಸಿದೆ. ನಡುವೆ ಫೋನು, ನಡುವೆ ಗಿರಾಕಿ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. (ನೋಡದೇ ಮಾಡುತ್ತೇನೆ ಅನ್ನುವುದೇ ತಾನೇ ನಮ್ಮ ಹೆಮ್ಮೆ?)

ಶುಕ್ರವಾರ ಪೇಪರು ಬಿಚ್ಚಿ ತೋರಿಸಿದೆ. ಮೇಷ್ಟ್ರ ಮುಖ ಅರಳಿತು. ಹಾಗೇ ಕಣ್ಣು ಮೇಲೆ ಹೋಯಿತು. ಎರಡು ಮೂಲೆ. ಎರಡು ಕೊಕ್ಕೆ.

"ಇದೇನ್ರೀ ಇದು?"

ನನಗೂ ಆಗಲೇ ಕಂಡದ್ದು. "ಅಯ್ಯೋ, ಕೈತಪ್ಪು ಮೇಷ್ಟ್ರೇ! ಅಭ್ಯಾಸ ಆಗ್ಬಿಟ್ಟಿದೆ. ಬೇರೆ ಫ್ರೇಮೇ ಹಾಕ್ಕೊಡ್ತೀನಿ, ಅರ್ಧ ಗಂಟೆ ಕೂತ್ಕೊಳ್ಳಿ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಫ್ರೇಮ್ ಬದಲಾಯಿಸ್ಬೋದಪ್ಪಾ. ನಾನು ನೋಡ್ಬಿಟ್ಟೆನಲ್ಲ? ಇನ್ನು ಅವಳ ಮುಂದೆ ಹೆಂಗಿಡ್ಲಿ?"

ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು. ಚಿತ್ರ ಮೇಜಿನ ಮೇಲೇ ಉಳಿಯಿತು.

ಅವತ್ತೇ ಹೊಸ ಫ್ರೇಮ್ ಹಾಕಿ ಫೋನ್ ಮಾಡಿದೆ. "ಅಲ್ಲೇ ಇರ್ಲಿ ಬಿಡಿ" ಅಂದರು. ಮಗು ಹೇಗಿದೆ ಅಂತ ನಾನು ಕೇಳಲಿಲ್ಲ. ಕೊಕ್ಕೆ ಹೊಡೆದ ಕೈಯಲ್ಲೇ ಫೋನ್ ಹಿಡಿದವನು ಏನೆಂದು ಕೇಳಲಿ? ಸುಮ್ಮನೆ ಚಿತ್ರವನ್ನು ಅಂಗಡಿಯ ಗೋಡೆಗೆ ಹಾಕಿದೆ.

ನಿನ್ನೆ ಒಬ್ಬ ಹಳೆಯ ಗಿರಾಕಿ ತನ್ನ ತಾಯಿಯ ಫೋಟೊ ಹಿಡಿದು ಬಂದ. ಚಿತ್ರದ ಮುಂದೆ ನಿಂತು ಲೊಚಗುಟ್ಟಿದ. "ಪಾಪ. ಇದ್ರಲ್ಲಿ ಯಾವ ಮಗು ಹೋಗಿದ್ದು ಸಾರ್?"

"ಯಾರೂ ಹೋಗಿಲ್ರೀ!" ಅಂದೆ. ದನಿ ಎಷ್ಟು ಜೋರಾಯಿತೆಂದರೆ ಪಕ್ಕದ ಅಂಗಡಿಯವನು ಇಣುಕಿದ.

ತಪ್ಪನ್ನು ಬೇರೆಯವರ ತಲೆಗೆ ಕಟ್ಟಿ ಜಾರಿಕೊಳ್ಳುವವನಲ್ಲ ನಾನು. ಕೊಕ್ಕೆ ಹಾಕಿದ್ದು ನನ್ನ ಕೈಯೇ. ಆದರೆ ನಿನ್ನೆ ಆ ಫ್ರೇಮಿನಲ್ಲಿ ಕೊಕ್ಕೆಯೇ ಇರಲಿಲ್ಲವಲ್ಲ? ಗೋಡೆಯ ಮೇಲಿದ್ದಾರೆ ಎಂದರೆ ಸತ್ತರೆಂದೇ ಲೆಕ್ಕವೇ? ನಿಮ್ಮ ಮನೆಯ ಗೋಡೆಯನ್ನೊಮ್ಮೆ ನೋಡಿ. ಉಸಿರಾಡುವವರು ಎಷ್ಟು ಜನ ಇದ್ದಾರೆ ಅಲ್ಲಿ?

ಇಷ್ಟು ವರ್ಷ ದುಡಿದ ಮೇಲೆ ನನ್ನ ಹತ್ತಿರ ಇರುವುದು ಒಂದು ಸ್ವಂತ ಅಂಗಡಿ, ಒಂದು ಡಬ್ಬಿ ಹಿತ್ತಾಳೆ ಕೊಕ್ಕೆ, ಯಾರೂ ಒಯ್ಯದ ಒಂದು ಚಿತ್ರ, ಅದರೊಳಗೆ ನಗುತ್ತಿರುವ ಒಂಬತ್ತು ಮಕ್ಕಳು.