ನಾಲ್ಕು ಬೆರಳು ಉದ್ದದ ಸರಪಳಿ

ಕಾಕಾ ಅವರ ಪರೀಕ್ಷೆಯ ಫಾರ್ಮಿನಲ್ಲಿ ‘ಅರ್ಹರಲ್ಲ’ ಎಂದು ಗುರುತು ಹಾಕಿದ್ದು ನಾನೇ. ಅಷ್ಟರ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದದ್ದರ ಬಗ್ಗೆ ಇದೆ.

ಎಂಬತ್ತರ ದಶಕದ ಕೊನೆ. ನಮ್ಮದು ಸಮುದ್ರದ ಆಳ ಅಳೆಯುವ ಕಂಪನಿ. ಆಫೀಸು ವಿಕ್ರೋಳಿಯಲ್ಲಿ, ಗೋಡೌನು ವಡಾಲದಲ್ಲಿ. ನಮಗೆ ಕೆಲಸ ಕೊಡುತ್ತಿದ್ದ ಎಣ್ಣೆಬಾವಿಯವರು ಆ ವರ್ಷ ಹೊಸ ಷರತ್ತು ಹಾಕಿದರು: ಬೋಟು ಹತ್ತುವ ಪ್ರತಿಯೊಬ್ಬರ ಕೆಲಸವನ್ನೂ ಒಬ್ಬರು ಕಣ್ಣಾರೆ ನೋಡಿ ಸಹಿ ಹಾಕಬೇಕು. ಆ ಒಬ್ಬ ನಾನಾದೆ. ಮೈಸೂರಿನ ಡಿಗ್ರಿ ಇತ್ತು, ಇಂಗ್ಲಿಷ್ ಇತ್ತು. ಸಮುದ್ರಕ್ಕೆ ಹೋದರೆ ವಾಂತಿಯಾಗುತ್ತಿತ್ತು.

ಎಲ್ಲರೂ ಕಾಕಾ ಎನ್ನುತ್ತಿದ್ದವರು ವಿಜಾಪುರದ ಕಡೆಯವರು. ಕಟ್ಟಡದ ಕೂಲಿಗೆಂದು ಬಂದು, ಬೋಟಿನಲ್ಲಿ ಹಗ್ಗ ಎಳೆಯುತ್ತ, ಆಳ ತೋರಿಸುವ ಯಂತ್ರ ನಡೆಸಲು ಕಲಿತವರು. ದಿನಾ ಬೆಳಿಗ್ಗೆ ಆ ಯಂತ್ರವನ್ನು ಸರಿಮಾಡಬೇಕು. ಮೀಟರಿಗೊಂದು ಗುರುತು ಕಟ್ಟಿದ ಸರಪಳಿಯಲ್ಲಿ ಕಬ್ಬಿಣದ ತಟ್ಟೆ ಇಳಿಬಿಟ್ಟು, ಗುರುತು ಹೇಳಿದ ಆಳವನ್ನೇ ಯಂತ್ರವೂ ಹೇಳುವಂತೆ ತಿರುಪು ತಿರುಗಿಸುವುದು.

ಪರೀಕ್ಷೆ ನ್ಯಾಯವಾಗಿರಲಿ ಎಂದು ನಾನು ಮೊದಲೇ ಬೋಟಿನ ಸರಪಳಿ ತೆಗೆಸಿ, ಗೋಡೌನಿನಲ್ಲಿ ಟೇಪು ಹಿಡಿದು ಅಳೆದ ಇನ್ನೊಂದನ್ನು ಹಾಕಿಸಿದ್ದೆ. ಅದಕ್ಕೂ ಅಷ್ಟೇ ತುಕ್ಕು. ಯಾರಿಗೂ ಹೇಳಲಿಲ್ಲ, ಹೇಳುವುದೇನಿದೆ ಅನ್ನಿಸಿತ್ತು.

ನನಗೆ ವಾಂತಿಯಾಗದಿರಲೆಂದು ಬೋಟನ್ನು ದಡದ ಧಕ್ಕೆಯಲ್ಲೇ ಕಟ್ಟಿದ್ದರು. ಕಾಕಾ ಐದನೆಯ ಗುರುತಿನವರೆಗೆ ತಟ್ಟೆ ಇಳಿಸಿದರು. ಯಂತ್ರವನ್ನು ಗುರುತಿಗಿಂತ ಕೊಂಚ ಹೆಚ್ಚಿಗೆ ಇಟ್ಟರು.

“ಯಾಕೆ ಹೆಚ್ಚು?”

“ನಾಕ ಬೆರಳ ಕೊಡಬೇಕ್ರಿ ಸಾಹೇಬ್ರ.”

“ಬೆರಳಲ್ಲಿ ಅಳೆಯೋಕೆ ಇದೇನು ಅನ್ನಕ್ಕಿಡೋ ನೀರಾ ಕಾಕಾ?”

ಬೋಟಿನವರು ನಕ್ಕರು. “ಕೊಡಬೇಕ್ರಿ,” ಎಂದರು ಕಾಕಾ ಮತ್ತೆ, ಮೆಲ್ಲಗೆ. ಮೆಲ್ಲಗೇ ಅಂದರೋ, ಆಮೇಲೆ ನನ್ನ ಕಿವಿಯೇ ಅದನ್ನು ಮೆಲ್ಲಗೆ ಮಾಡಿಕೊಂಡಿತೋ.

ಫಾರ್ಮಿನಲ್ಲಿ ಗುರುತು ಹಾಕಿದೆ. ಬೋಟು ಅವರನ್ನು ಬಿಟ್ಟು ಹೋಯಿತು. ಕಾಕಾ ಗೋಡೌನಿನಲ್ಲಿ ಬಣ್ಣದ ಡಬ್ಬಗಳನ್ನು ಎತ್ತಿಡುವ ಕೆಲಸಕ್ಕೆ ನಿಂತರು.

ತೆಗೆಸಿದ ಸರಪಳಿ ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು. ಮರುದಿನವೇ ಅದನ್ನು ಅಳೆದೆ ಎಂದು ಬಹಳ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ತಿಂಗಳ ಮೇಲಾಗಿತ್ತು, ಗುಜರಿಗೆ ಹಾಕುವ ಸಾಮಾನಿನ ಪಟ್ಟಿ ಮಾಡುವಾಗ ಅಳೆದದ್ದು. ಕೊಂಡಿಗಳು ಸವೆದು ಸರಪಳಿ ಉದ್ದವಾಗಿತ್ತು. ಐದನೆಯ ಗುರುತಿಗೆ ಬರುವಾಗ ಸರಿಯಾಗಿ ನಾಲ್ಕು ಬೆರಳು ಹೆಚ್ಚು. ಕಾಕಾ ವರ್ಷಗಟ್ಟಲೆ ಅದನ್ನು ಕೂಡಿಸಿ ಆಳ ಸರಿ ಇಟ್ಟಿದ್ದರು. ಗುರುತನ್ನಷ್ಟೇ ನೋಡಿ ತಿರುಪು ತಿರುಗಿಸಿದವರು ಸಮುದ್ರದ ತಳವನ್ನು ನಾಲ್ಕು ಬೆರಳು ಮೇಲೆತ್ತಿದ್ದರು. ಅವರೆಲ್ಲ ನನ್ನ ಕೈಯಲ್ಲಿ ಪಾಸಾಗಿದ್ದರು.

ಕಾಕಾಗೆ ಹೋಗಿ ಹೇಳಿದೆ. ಕ್ಷಮೆ ಕೇಳಿದೆನೇ? ನೆನಪಿನಲ್ಲಿ ಆ ಜಾಗ ಖಾಲಿ ಇದೆ. ಅವರು ಅಂದದ್ದು ಮಾತ್ರ ಉಳಿದಿದೆ: “ನಂದೂ ತಪ್ಪೈತ್ರಿ. ಸರಪಳಿ ಬ್ಯಾರೆ ಅಂತ ಕೈಗೆ ತಿಳೀಬೇಕಿತ್ತು.”

ಸಹಿಯಾದ ಫಾರ್ಮು ತಿದ್ದುವಂತಿಲ್ಲ, ಬೇಕಾದರೆ ಮತ್ತೊಮ್ಮೆ ಪರೀಕ್ಷೆ ಮಾಡಿ ಎಂದರು ವಿಕ್ರೋಳಿಯ ಆಫೀಸಿನವರು. ಆ ಎರಡನೆಯ ಪರೀಕ್ಷೆಯಿಂದಲೇ ಕಾಕಾ ಮತ್ತೆ ಬೋಟು ಹತ್ತಿದ್ದು. ಅದೇ ಧಕ್ಕೆ, ಜೋರು ಗಾಳಿ. ನಾನು ಫಾರ್ಮು ಹಿಡಿದು ನಿಂತೆ. ಕಾಕಾ ಸರಪಳಿ ಮುಟ್ಟಲಿಲ್ಲ.

“ಮೊದಲ ಟೇಪ ತರ್ರಿ.”

ಟೇಪು ತಂದೆ. ಒಂದು ತುದಿಯನ್ನು ನನಗೇ ಕೊಟ್ಟರು.

“ಗಟ್ಟಿ ಹಿಡೀರಿ ಸಾಹೇಬ್ರ, ಜೋಲಬಾರದು.”

ಫಾರ್ಮನ್ನು ಕೆಳಗಿಟ್ಟು, ಹಾರದಂತೆ ಮೇಲೆ ಕಾಲಿಟ್ಟು, ಎರಡೂ ಕೈಯಲ್ಲಿ ಹಿಡಿದೆ.