ಹತ್ತೊಂಬತ್ತು ಸೆಕೆಂಡಿನ ಹಾಲು

ಕಳೆದ ವರ್ಷ ಜುಲೈ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ, ಸಿದ್ಧಕಟ್ಟೆ ಕಡೆಯ ಒಂದು ಹಾಲು ಸಂಘದಲ್ಲಿ ಪರೀಕ್ಷಕಿ ಹರಿಣಾಕ್ಷಿ, ಮೋನಪ್ಪ ಎಂಬ ವೃದ್ಧರು ತಂದ ನಾಲ್ಕು ಲೀಟರ್ ಹಾಲನ್ನು ಅಂಗಳಕ್ಕೆ ಚೆಲ್ಲಿದರು. ಸಾಲಿನಲ್ಲಿದ್ದ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ವಿಡಿಯೊ ಹತ್ತೊಂಬತ್ತು ಸೆಕೆಂಡಿನದು. ಮಾತು ಕೇಳಿಸುವುದಿಲ್ಲ.

ನಾನಾಗ ಮೂಡುಬಿದಿರೆಯಲ್ಲಿ ಪತ್ರಿಕೆಯೊಂದರ ವರದಿಗಾರ. ಅದರ ಜಾಲತಾಣದ ಪುಟವೂ ನನ್ನ ಹೊಣೆ. ಹನ್ನೊಂದು ಗಂಟೆಗೆ ‘ಬಡವನ ಹಾಲು ಮಣ್ಣುಪಾಲು’ ಎಂಬ ತಲೆಬರಹ ಕೊಟ್ಟು ನಾನೇ ವಿಡಿಯೊ ಹಾಕಿದೆ. ಇಪ್ಪತ್ತಾರು ವರ್ಷಗಳಲ್ಲಿ ಎರಡೂ ಕಡೆಯವರನ್ನು ಕೇಳದೆ ಸುದ್ದಿ ಬರೆದವನಲ್ಲ. ಅಂದು ಒಂದು ಫೋನೂ ಮಾಡಲಿಲ್ಲ. ಬೇರೆ ಪುಟಗಳಲ್ಲಿ ಆಗಲೇ ಬಂದಿತ್ತು, ಅಷ್ಟೇ ಕಾರಣ.

ಸಂಜೆಯೊಳಗೆ ಹರಿಣಾಕ್ಷಿಯ ಫೋಟೊ, ಮನೆಯ ದಾರಿ, ಮಗಳ ಶಾಲೆಯ ಹೆಸರು ಕಮೆಂಟುಗಳಲ್ಲಿದ್ದವು. ಜನ್ಮದಲ್ಲಿ ಸೆಗಣಿ ಮುಟ್ಟದವರು ಆಕೆಯ ಕೈ ಕಡಿಯಬೇಕೆಂದು ಬರೆದರು. ಮರುದಿನ ಸಂಘದ ಆಡಳಿತ ಮಂಡಳಿ ಆಕೆಯನ್ನು ಅಮಾನತು ಮಾಡಿತು.

ಬುಧವಾರ ಹರಿಣಾಕ್ಷಿಯ ಮನೆಗೆ ಹೋದೆ.

“ಈಗ ಬಂದಿರಾ? ಹಾಕುವ ಮೊದಲು ದಾರಿ ಗೊತ್ತಿರಲಿಲ್ಲವಾ ನಿಮಗೆ?”

ಬಾಗಿಲಲ್ಲೇ ನಿಂತು ವಿವರಿಸಿದರು. ಮೋನಪ್ಪರ ದನಕ್ಕೆ ಕೆಚ್ಚಲು ಬಾವು. ಹಿಂದಿನ ದಿನ ಆಂಟಿಬಯೋಟಿಕ್ ಚುಚ್ಚಿಸಿದ್ದರು. ದನ ಹೇಗಿದೆ ಎಂದು ಹರಿಣಾಕ್ಷಿ ಕೇಳಿದಾಗಲೇ ಅವರಿಗೆ ಅದು ನೆನಪಾದದ್ದು. ಅಂಥ ಹಾಲನ್ನು ಕೆಲವು ದಿನ ಯಾರೂ ಕುಡಿಯಬಾರದು. ಕ್ಯಾನಿಗೆ ಸೇರಿದರೆ ಇಡೀ ಊರಿನ ಹಾಲು ತಿರಸ್ಕೃತ. ಹಿಂದಕ್ಕೆ ಕೊಟ್ಟರೆ ಹೋಟೆಲಿನ ಚಹಾಕ್ಕೆ ಹೋಗುತ್ತದೆ. ಹಾಗಾಗಿ ಎದುರಿಗೇ ಚೆಲ್ಲುವುದು ಸಂಘದ ರೂಢಿ.

“‘ಚೆಲ್ಲು ಮಗಳೇ, ನಂಗೆ ಮರೆತೇ ಹೋಯ್ತು’ ಅಂತ ಅವರೇ ಹೇಳಿದ್ದು. ಬೇಕಾದರೆ ಹೋಗಿ ಕೇಳಿ.”

ಕೇಳಿದೆ. ಮೋನಪ್ಪ ಅಲ್ಲಗಳೆಯಲಿಲ್ಲ.

“ಮತ್ತೆ ಎಲ್ಲರ ಹತ್ತಿರ ಯಾಕೆ ಹೇಳಲಿಲ್ಲ?”

“ಹೇಗೆ ಹೇಳುವುದು ಮಾರಾಯ್ರೆ? ದುಬೈಯಿಂದ ಫೋನ್ ಮಾಡಿ ಅಳ್ತಾರೆ ಜನ. ಮುಖ ನೋಡದ ನೆರೆಯವರೂ ಬಂದು ಕೂತಿದ್ದಾರೆ. ಇಷ್ಟು ಜನ ನನ್ನ ಪರ ಸಿಟ್ಟು ಮಾಡುವಾಗ ನಾನು ಅಲ್ಲ ಅಂದರೆ, ಮತ್ತೆ ಬೈಗುಳ ನಂಗೇ ಉಂಟು.”

ಅನ್ಯಾಯಕ್ಕೊಳಗಾದವನಿಗಾಗಿ ಜನರಿಗೆ ಸಿಟ್ಟು ಬರುತ್ತದೆ ಎಂದು ನಂಬಿದ್ದೆ. ಈ ಸಿಟ್ಟು ತಾವು ಒಳ್ಳೆಯವರೆಂದು ಪರಸ್ಪರ ತೋರಿಸಿಕೊಳ್ಳಲು. ಅದಕ್ಕೆ ಒಬ್ಬ ಹೆಂಗಸು ಸಿಕ್ಕಿದರೆ ಸಾಕು, ಸತ್ಯ ಬೇಕಿಲ್ಲ. ತೋರಿಸಿಕೊಳ್ಳಲು ಹೊರಟವರಲ್ಲಿ ನಾನೂ ಒಬ್ಬ.

ಗುರುವಾರ ಕ್ಷಮೆ ಕೇಳಿ ಪೂರ್ತಿ ವರದಿ ಹಾಕಿದೆ. ಮೊದಲ ಕಮೆಂಟು: “ಸಂಘದವರು ಊಟಕ್ಕೆ ಕರೆದಿದ್ದರಾ ಸ್ವಾಮಿ?”

ಕಳೆದ ವಾರ ವಿಚಾರಿಸಿದೆ. ಅಮಾನತು ಆದೇಶ ಹಿಂತೆಗೆದಿಲ್ಲ. ಹರಿಣಾಕ್ಷಿ ಬಂಟ್ವಾಳದ ಬಟ್ಟೆ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಾರೆ. ವಿಡಿಯೊ ಇನ್ನೂ ಬೇರೆ ಎರಡು ಪುಟಗಳಲ್ಲಿದೆ.